ನಿದ್ದೆ ಹಾರುತ್ತದೆ, ಅಮಲು ಇಳಿಯುವುದಿಲ್ಲ

ಕೋಲಾರದ ಹತ್ತಿರ ಫ್ಯಾಕ್ಟರಿಗಳಿರುವ ನರಸಾಪುರದಲ್ಲಿ ರಾತ್ರಿ ಶಿಫ್ಟ್ ಬದಲಾಗುವ ಹೊತ್ತಿಗೆ ಹೈವೇ ಪಕ್ಕದ ಪೆಟ್ಟಿಗೆ ಅಂಗಡಿಗಳ ಫ್ರಿಜ್ ನೋಡಬೇಕು. ನೀರಿನ ಬಾಟಲಿ ಒಂದು ಸಾಲು, ಸೋಡಾ ಒಂದು ಸಾಲು, ಮಿಕ್ಕಿದ ಕಡೆಯೆಲ್ಲಾ 20 ರೂಪಾಯಿಯ ಕೆಂಪು ಎನರ್ಜಿ ಡ್ರಿಂಕ್. ಕೆಲಸಕ್ಕೆ ಹೋಗುವವರು ಅದನ್ನು ನಿದ್ದೆ ತಡೆಯೋಕೆ ಕುಡಿಯುತ್ತಾರೆ. ಕೆಲಸ ಮುಗಿಸಿ ಬಂದವರು ಅದೇ ಬಾಟಲಿ ತಗೊಂಡು ಹೋಗಿ ರೂಮಿನಲ್ಲಿ ಮದ್ಯದ ನೈಂಟಿ (90 ಮಿ.ಲೀ.) ಟೆಟ್ರಾ ಪ್ಯಾಕಿಗೆ ಮಿಕ್ಸಿಂಗ್ ಮಾಡಿಕೊಳ್ಳುತ್ತಾರೆ. ಹಿಂದೆ ಆ ಜಾಗದಲ್ಲಿ ನೀರೋ ಸೋಡಾವೋ ಇರುತ್ತಿತ್ತು.

ನಮ್ಮ ಚಿಕ್ಕಮ್ಮನ ಮಗ ಅಲ್ಲೇ ಒಂದು ಫ್ಯಾಕ್ಟರಿಯಲ್ಲಿದ್ದಾನೆ. "ಇದನ್ನ ಹಾಕ್ಕೊಂಡ್ರೆ ಎಷ್ಟ್ ಕುಡಿದ್ರೂ ಹತ್ತಲ್ಲ ಅಣ್ಣ" ಅನ್ನುವುದು ಅವನ ವಾದ. ಅವನ ರೂಮಿನಲ್ಲಿರುವ ಮುಳಬಾಗಿಲಿನ ಹುಡುಗನದು ಪೂರ್ತಿ ಉಲ್ಟಾ. "ಒಂದ್ ನೈಂಟಿಗೇ ಕ್ವಾರ್ಟರ್ ಕಿಕ್ ಬರುತ್ತೆ, ಅದಕ್ಕೇ ಹಾಕ್ಕೊಳ್ಳೋದು." ಇಬ್ಬರೂ ಒಂದೇ ಬಾಟಲಿಯನ್ನು ಹಂಚಿಕೊಂಡು ಕುಡಿಯುತ್ತಾರೆ. ಒಬ್ಬನಿಗೆ ಅಮಲು ಕಮ್ಮಿ ಮಾಡೋಕೆ, ಇನ್ನೊಬ್ಬನಿಗೆ ಜಾಸ್ತಿ ಮಾಡೋಕೆ. ಈ ಜಗಳ ಕೇಳಿ ಕೇಳಿ ಸಾಕಾಗಿ, ಯಾರದು ಸರಿ ಅಂತ ಒಂದಷ್ಟು ಓದಿಕೊಂಡೆ.

ಇಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ. ರಕ್ತದಲ್ಲಿ ಎಷ್ಟು ಆಲ್ಕೋಹಾಲ್ ಇದೆ ಅನ್ನುವುದು ಒಂದು. ನಮಗೆ ಎಷ್ಟು ಹತ್ತಿದೆ ಅಂತ ಅನಿಸುತ್ತದೆ ಅನ್ನುವುದು ಇನ್ನೊಂದು. ಬರೀ ನೀರು ಹಾಕಿಕೊಂಡು ಕುಡಿದಾಗ ಇವೆರಡೂ ಹೆಚ್ಚೂಕಮ್ಮಿ ಜೊತೆಯಲ್ಲೇ ನಡೆಯುತ್ತವೆ. ಎನರ್ಜಿ ಡ್ರಿಂಕಿನಲ್ಲಿರುವ, ನಿದ್ದೆ ತಡೆಯುವ ಕೆಫೀನ್ ಸೇರಿದಾಗ ಬೇರೆಯಾಗಬಹುದು.

ಮೊದಲು ರಕ್ತದ ಲೆಕ್ಕ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿ ಹೆಚ್ಚಿನವುಗಳ ಮೇಲೆ 42.8% ಅಂತ ಅಚ್ಚಾಗಿರುತ್ತದೆ. ಹಾಗಾದರೆ 90 ಮಿ.ಲೀ.ನಲ್ಲಿ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್, 180ರ ಕ್ವಾರ್ಟರ್‌ನಲ್ಲಿ ಸುಮಾರು 61 ಗ್ರಾಂ. 65 ಕೆಜಿ ತೂಕದ ಗಂಡಸಿನ ಲಿವರ್ ಗಂಟೆಗೆ ಹತ್ತಿರ ಹತ್ತಿರ 7 ಗ್ರಾಂ ಕರಗಿಸುತ್ತದೆ. ಒಬ್ಬರಿಂದ ಒಬ್ಬರಿಗೆ ಇದು ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ನೀವು ಏನು ಮಾಡಿದರೂ ಆ ಲಿವರ್ ಅವಸರ ಪಡುವುದಿಲ್ಲ. ಮಜ್ಜಿಗೆ, ನಿಂಬೆಹಣ್ಣು, ತಲೆ ಮೇಲೆ ಕೊಡ ನೀರು, ಸ್ಟ್ರಾಂಗ್ ಕಾಫಿ ಎಲ್ಲಾ ನಮ್ಮ ಸಮಾಧಾನಕ್ಕೆ ಅಷ್ಟೆ. ಕೆಫೀನ್‌ನಿಂದ ರಕ್ತದ ಆಲ್ಕೋಹಾಲ್ ಇಳಿಯುವುದೂ ಇಲ್ಲ, ಏರುವುದೂ ಇಲ್ಲ. ಈ ಲೆಕ್ಕದಲ್ಲಿ ನನ್ನ ತಮ್ಮನೂ ಫೇಲ್, ಮುಳಬಾಗಿಲು ಹುಡುಗನೂ ಫೇಲ್.

ಎರಡನೇ ಲೆಕ್ಕ ಇಷ್ಟು ಸುಲಭ ಇಲ್ಲ. ನಾವು ಎಚ್ಚರ ಇರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಅನ್ನುವ ವಸ್ತು ಸೇರಿಕೊಳ್ಳುತ್ತಾ ಹೋಗುತ್ತದೆ. ಅದು ಜಾಸ್ತಿಯಾದಂತೆ ಕಣ್ಣು ಎಳೆಯುತ್ತದೆ. ಆಲ್ಕೋಹಾಲ್ ಈ ಅಡೆನೋಸಿನ್ ಕೆಲಸವನ್ನು ಇನ್ನೂ ಜೋರು ಮಾಡುತ್ತದೆ, ಕುಡಿದ ಮೇಲೆ ಮೈ ಭಾರ, ತೂಕಡಿಕೆ ಬರುವುದಕ್ಕೆ ಇದೂ ಒಂದು ಕಾರಣ. ಕೆಫೀನ್ ಹೋಗಿ ಅಡೆನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ತೂಕಡಿಕೆ ಹೋಯಿತು. ಆದರೆ ಆಲ್ಕೋಹಾಲ್ ಮಿದುಳಿಗೆ ಕೈ ಹಾಕುವುದು ಈ ಒಂದು ಬಾಗಿಲಿಂದ ಅಲ್ಲ. ಕೈಕಾಲಿನ ಹಿಡಿತ, ದೂರದ ಅಂದಾಜು, ಮಾಡಬೇಕೋ ಬೇಡವೋ ಅನ್ನುವ ವಿವೇಚನೆ, ಇವನ್ನೆಲ್ಲಾ ಅದು ಬೇರೆ ದಾರಿಗಳಿಂದ ಕೆಡಿಸುತ್ತದೆ, ಆ ದಾರಿಗಳಲ್ಲಿ ಕೆಫೀನ್‌ಗೆ ಹೆಚ್ಚೇನೂ ಕೆಲಸ ಇಲ್ಲ.

ನಮ್ಮ ಕೋಲಾರದ ಕಡೆಯವರಿಗೆ ಇದನ್ನು ಬೋರ್‌ವೆಲ್ ಭಾಷೆಯಲ್ಲಿ ಹೇಳಿದರೆ ಬೇಗ ತಲೆಗೆ ಹೋಗುತ್ತದೆ. ಬೋರಿನಲ್ಲಿ ನೀರು ಕೆಳಗೆ ಹೋದಾಗ ಮೋಟರ್ ತಾನಾಗೇ ನಿಲ್ಲಲಿ ಅಂತ ಪ್ಯಾನಲ್ ಬೋರ್ಡಿನಲ್ಲಿ ಡ್ರೈ ರನ್ ಕಟಾಫ್ ಹಾಕಿಸುತ್ತೇವೆ. ಬೇಸಿಗೆಯಲ್ಲಿ ಅದು ಹತ್ತು ನಿಮಿಷಕ್ಕೊಮ್ಮೆ ಟ್ರಿಪ್ ಆಗುತ್ತದೆ, ಬೇಜಾರಾಗಿ ಯಾರೋ ಒಬ್ಬರು ತುಂಡು ವೈರ್ ಸಿಕ್ಕಿಸಿ ಬೈಪಾಸ್ ಮಾಡುತ್ತಾರೆ. ಆಮೇಲೆ ಎಲ್ಲಾ ಚೆನ್ನಾಗಿ ಕಾಣುತ್ತದೆ. ಪ್ಯಾನಲ್ ತಕರಾರು ಮಾಡಲ್ಲ, ಮೋಟರ್ ಓಡುತ್ತಿದೆ, ಸಾವಿರ ಅಡಿ ಕೆಳಗೆ ಕಾಯಿಲ್ ಸುಟ್ಟುಕೊಳ್ಳುತ್ತಿರುವುದು ಮಾತ್ರ ಮೇಲಿದ್ದವರಿಗೆ ಗೊತ್ತಾಗಲ್ಲ. ಕುಡಿದವನ ತೂಕಡಿಕೆ ಆ ಕಟಾಫ್. ಕೆಫೀನ್ ಆ ತುಂಡು ವೈರ್. ಎಷ್ಟೋ ಜನ ನಾಲ್ಕನೇ ಪೆಗ್ ಹಾಕಿಕೊಳ್ಳದೆ ಇರುವುದು ಬುದ್ಧಿ ಇದ್ದು ಅಲ್ಲ, ನಿದ್ದೆ ಬಂದು.

2006ರಲ್ಲಿ ಬ್ರೆಜಿಲ್‌ನಲ್ಲಿ 26 ಆರೋಗ್ಯವಂತ ಯುವಕರ ಮೇಲೆ ಒಂದು ಪ್ರಯೋಗ ನಡೆಯಿತು. ಒಂದು ದಿನ ಬರೀ ಆಲ್ಕೋಹಾಲ್, ಇನ್ನೊಂದು ದಿನ ಆಲ್ಕೋಹಾಲ್ ಜೊತೆ ಎನರ್ಜಿ ಡ್ರಿಂಕ್. ಎರಡನೇ ದಿನ ಅವರಿಗೆ ತಲೆನೋವು, ಸುಸ್ತು, ಬಾಯಿ ಒಣಗುವುದು ಎಲ್ಲಾ ಕಮ್ಮಿ ಅನಿಸಿತು. ಕೈಕಾಲು ಹಿಡಿತದಲ್ಲಿದೆ ಅಂತಲೂ ಅನಿಸಿತು. ಆಮೇಲೆ ಅದನ್ನು ನಿಜವಾಗಿ ಪರೀಕ್ಷೆ ಮಾಡಿ ನೋಡಿದರೆ ಹಿಡಿತವೂ ಅಷ್ಟೇ ಕೆಟ್ಟಿತ್ತು, ಕಣ್ಣಿಗೆ ಕಂಡದ್ದಕ್ಕೆ ಕೈ ಓಗೊಡುವ ಹೊತ್ತೂ ಅಷ್ಟೇ ತಡ. ಉಸಿರಿನಲ್ಲಿದ್ದ ಆಲ್ಕೋಹಾಲೂ ಅಷ್ಟೇ. ಬದಲಾಗಿದ್ದು ಅನಿಸಿಕೆ ಮಾತ್ರ.

ಇದನ್ನು ಓದಿದಾಗ ನನಗೆ ಹೋದ ವರ್ಷದ ಒಂದು ರಾತ್ರಿ ನೆನಪಾಯಿತು. ಇದೇ ತಮ್ಮ ವೇಮಗಲ್ ಕಡೆ ಒಂದು ಬೀಗರೂಟ ಮುಗಿಸಿ ಬೈಕಿನಲ್ಲಿ ಹೊರಟಿದ್ದ. ಹೊರಡುವಾಗ ನಾನೇ ಮಾತಾಡಿಸಿದ್ದೆ. ಮಾತು ತೊದಲುತ್ತಿರಲಿಲ್ಲ, ನಡಿಗೆ ನೆಟ್ಟಗಿತ್ತು, ಕಣ್ಣು ಫಳಫಳ ಅನ್ನುತ್ತಿತ್ತು. "ಆಟೋದಲ್ಲಿ ಹೋಗೋ" ಅಂದರೆ ನಕ್ಕ. ಹುಟ್ಟಿದಾಗಿಂದ ಓಡಾಡಿರುವ ನಮ್ಮೂರ ತಿರುವು ಅವನಿಗೆ ತಪ್ಪಿಹೋಯಿತು. ಬೈಕು ಮೋರಿಯಲ್ಲಿ, ಭುಜದ ಮೂಳೆ ಎರಡು ತುಂಡು. ಆಸ್ಪತ್ರೆಯಲ್ಲಿ ಮಲಗಿಕೊಂಡು "ನಂಗ್ ಹತ್ತೇ ಇರ್ಲಿಲ್ಲ ಅಣ್ಣ, ದೇವ್ರಾಣೆ" ಅಂತಿದ್ದ. ಆವಾಗ ಸುಳ್ಳು ಬಿಡುತ್ತಿದ್ದಾನೆ ಅಂತ ಬೈದೆ. ಈಗ ಅನಿಸುತ್ತದೆ, ಅವನು ಸುಳ್ಳು ಹೇಳಿರಲಿಲ್ಲ. ಅವನಿಗೆ ನಿಜವಾಗಿಯೂ ಹಾಗೇ ಅನಿಸಿತ್ತು, ಭಯ ಪಡಬೇಕಾಗಿದ್ದೇ ಅದಕ್ಕೆ.

ಇಷ್ಟಕ್ಕೇ ನಿಲ್ಲಿಸಿದರೆ ಲೇಖನ ಅಚ್ಚುಕಟ್ಟಾಗಿರುತ್ತಿತ್ತು. ಆದರೆ ಸಂಶೋಧಕರೆಲ್ಲಾ ಒಂದೇ ಮಾತು ಹೇಳುತ್ತಿಲ್ಲ. ಆಮೇಲೆ ಬಂದ ಕೆಲವು ಅಧ್ಯಯನಗಳು, ಹಳೆಯ ಪ್ರಯೋಗಗಳನ್ನೆಲ್ಲಾ ಒಟ್ಟು ಹಾಕಿ ನೋಡಿದ ಲೆಕ್ಕಗಳು, ಕೆಫೀನ್ ಅಮಲನ್ನು ಮುಚ್ಚಿಡುತ್ತದೆ ಅನ್ನೋಕೆ ಸಾಕಷ್ಟು ಆಧಾರ ಇಲ್ಲ ಅಂದವು. ಎಷ್ಟು ಹತ್ತಿದೆ ಅಂತ ಕೇಳಿದರೆ ಕುಡಿದವರು ಎರಡೂ ದಿನ ಹೆಚ್ಚೂಕಮ್ಮಿ ಒಂದೇ ಉತ್ತರ ಕೊಟ್ಟರಂತೆ. ಈ ಪಕ್ಷದ ಕೆಲವು ಸಂಶೋಧಕರಿಗೆ ಎನರ್ಜಿ ಡ್ರಿಂಕ್ ಕಂಪನಿಯಿಂದ ಹಣ ಬಂದಿದೆ, ಅದನ್ನು ಅವರೇ ಪ್ರಬಂಧದಲ್ಲಿ ಹೇಳಿಕೊಂಡಿದ್ದಾರೆ. ಹಣ ಬಂದ ಮಾತ್ರಕ್ಕೆ ಫಲಿತಾಂಶ ಸುಳ್ಳು ಅಂತಲ್ಲ. ಆದರೂ ಟೊಮೆಟೊ ರೇಟು ಎಷ್ಟು ಅಂತ ಮಂಡಿಯವನನ್ನೇ ಕೇಳಿದ ಹಾಗೆ, ಕೇಳಿಸಿಕೊಂಡು ಇನ್ನೊಂದು ಕಡೆಯೂ ವಿಚಾರಿಸಬೇಕು.

ಇನ್ನೊಂದು ಕಡೆ ಅಂದರೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ. 2015ರಲ್ಲಿ ಅವರು ಕೆಫೀನ್ ಬಗ್ಗೆ ದೊಡ್ಡ ವರದಿ ಕೊಟ್ಟರು. ತೂಕದ ಪ್ರತಿ ಕೆಜಿಗೆ ಸುಮಾರು 0.65 ಗ್ರಾಂವರೆಗೆ ಆಲ್ಕೋಹಾಲ್, ಅದರ ಜೊತೆ 200 ಮಿ.ಗ್ರಾಂವರೆಗೆ ಕೆಫೀನ್ ಆದರೆ ಅಮಲಿನ ಅನಿಸಿಕೆ ಮುಚ್ಚಿಹೋಗುವ ಸಾಧ್ಯತೆ ಕಮ್ಮಿ ಅಂತ ಅದರಲ್ಲಿದೆ. ಎನರ್ಜಿ ಡ್ರಿಂಕ್ ಪರವಾಗಿ ಮಾತಾಡುವವರು ಇದನ್ನು ಖುಷಿಯಿಂದ ಎತ್ತಿ ತೋರಿಸುತ್ತಾರೆ. ಆದರೆ ಆ ಅಳತೆಯನ್ನು ನಮ್ಮ ಗ್ಲಾಸಿಗೆ ಹೊಯ್ದು ನೋಡಿ. 65 ಕೆಜಿಯವನಿಗೆ 0.65 ಗ್ರಾಂ ಅಂದರೆ ಒಟ್ಟು 42 ಗ್ರಾಂ. ನಮ್ಮ ವಿಸ್ಕಿಯಲ್ಲಿ ಅದು ಸುಮಾರು 125 ಮಿ.ಲೀ. ಒಂದು ನೈಂಟಿ ಒಳಗೇ ಇದೆ, ಕ್ವಾರ್ಟರ್ ದಾಟಿಹೋಯಿತು. ಕೆಫೀನ್ ಕಡೆ, ನಮ್ಮ ದೇಶದ ನಿಯಮದಲ್ಲಿ ಎನರ್ಜಿ ಡ್ರಿಂಕ್‌ನಲ್ಲಿ ಲೀಟರಿಗೆ 300 ಮಿ.ಗ್ರಾಂವರೆಗೆ ಇರಬಹುದು, ಹಾಗಾದರೆ 250 ಮಿ.ಲೀ. ಬಾಟಲಿಗೆ ಹೆಚ್ಚೆಂದರೆ 75. ಎರಡು ಬಾಟಲಿ ಗೆರೆಯ ಒಳಗೆ, ಮೂರನೆಯದು ಹೊರಗೆ. ದಿನಕ್ಕೆ 500 ಮಿ.ಲೀ. ಮೀರಬೇಡಿ ಅಂತ ಬಾಟಲಿ ಮೇಲೇ ಇರುತ್ತದೆ, ಆ ಅಕ್ಷರದ ಸೈಜಿಗೆ ಭೂತಗನ್ನಡಿ ಬೇಕು ಅನ್ನುವುದು ಬೇರೆ ಮಾತು.

ನನ್ನ ಲೆಕ್ಕದಲ್ಲಿ ಎರಡೂ ಪಕ್ಷದವರು ಹೇಳುತ್ತಿರುವುದು ಬೇರೆ ಬೇರೆ ಗ್ಲಾಸಿನ ಬಗ್ಗೆ. ಲ್ಯಾಬಿನಲ್ಲಿ ಯಾರಿಗೂ ಕ್ವಾರ್ಟರ್ ಮೇಲೆ ಕ್ವಾರ್ಟರ್ ಕುಡಿಸೋಕೆ ಬಿಡುವುದಿಲ್ಲ, ಅಲ್ವಾ. ಸಣ್ಣ ಅಳತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂದಮಾತ್ರಕ್ಕೆ ನಮ್ಮ ಹುಡುಗರ ರೂಮಿನ ಅಳತೆಗೂ ಅದೇ ಮಾತು ಹೊಂದುತ್ತದೆ ಅಂತ ಹೇಳೋಕೆ ಬರುವುದಿಲ್ಲ. ಅಮೆರಿಕದಲ್ಲಿ ಲ್ಯಾಬ್ ಬಿಟ್ಟು ಬಾರ್ ಬಾಗಿಲಲ್ಲೇ ನಿಂತು ಒಂದು ಅಧ್ಯಯನ ಮಾಡಿದರು, 2010ರಲ್ಲಿ ಪ್ರಕಟವಾಯಿತು. ಹೊರಗೆ ಬರುತ್ತಿದ್ದ 802 ಜನರನ್ನು ಮಾತಾಡಿಸಿ ಉಸಿರು ಪರೀಕ್ಷೆ ಮಾಡಿದರು. ಎನರ್ಜಿ ಡ್ರಿಂಕ್ ಬೆರೆಸಿ ಕುಡಿದವರು ವಿಪರೀತ ಅಮಲಿನಲ್ಲಿ ಹೊರಬರುವ ಸಂಭವ ಸುಮಾರು ಮೂರು ಪಟ್ಟು, ಗಾಡಿ ಓಡಿಸುತ್ತೇನೆ ಅನ್ನುವ ಸಂಭವ ನಾಲ್ಕು ಪಟ್ಟು ಇತ್ತು. ಇಲ್ಲೂ ಒಂದು ತಕರಾರು ಇದೆ. ಹುಚ್ಚು ಧೈರ್ಯದವರೇ ಇಂಥ ಮಿಕ್ಸಿಂಗ್‌ಗೆ ಕೈ ಹಾಕುವುದು ಜಾಸ್ತಿ, ಹಾಗಾಗಿ ತಪ್ಪು ಬಾಟಲಿಯದೋ ಮನುಷ್ಯನದೋ ಅಂತ ಬಿಡಿಸಿ ಹೇಳುವುದು ಕಷ್ಟ. 75 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗ ಆ ಅನುಮಾನವನ್ನು ಸ್ವಲ್ಪ ಕಮ್ಮಿ ಮಾಡುತ್ತದೆ. ಅಲ್ಲಿ ಯಾರಿಗೆ ಏನು ಕೊಡಬೇಕು ಅಂತ ತೀರ್ಮಾನ ಮಾಡಿದ್ದು ಸಂಶೋಧಕರು. ಎನರ್ಜಿ ಡ್ರಿಂಕ್ ಬೆರೆಸಿದ ಗ್ಲಾಸ್ ಸಿಕ್ಕಿದವರಿಗೆ ಇನ್ನೊಂದು ಬೇಕು ಅನ್ನುವ ಆಸೆ ಜಾಸ್ತಿಯಾಯಿತು.

ಹಾಗಾದರೆ ಮುಳಬಾಗಿಲು ಹುಡುಗನ "ಡಬಲ್ ಕಿಕ್" ಪೂರ್ತಿ ಸುಳ್ಳಾ? ಅವನ ಕಥೆ ಇನ್ನೂ ಮಜವಾಗಿದೆ. ಪ್ಯಾರಿಸ್‌ನಲ್ಲಿ 154 ಯುವಕರಿಗೆ ಒಂದೇ ಥರದ ಪಾನೀಯ ಕೊಟ್ಟರು, ವೋಡ್ಕಾ, ಎನರ್ಜಿ ಡ್ರಿಂಕ್, ಹಣ್ಣಿನ ರಸ ಮೂರೂ ಸೇರಿಸಿ. ಹೆಸರು ಮಾತ್ರ ಬೇರೆ ಬೇರೆ. ಕೆಲವರಿಗೆ ವೋಡ್ಕಾ ಕಾಕ್‌ಟೇಲ್ ಅಂದರು, ಕೆಲವರಿಗೆ ಹಣ್ಣಿನ ಕಾಕ್‌ಟೇಲ್ ಅಂದರು, ಇನ್ನು ಕೆಲವರಿಗೆ ಎನರ್ಜಿ ಡ್ರಿಂಕ್ ಬ್ರ್ಯಾಂಡಿನ ಹೆಸರು ಸೇರಿಸಿ ವೋಡ್ಕಾ ರೆಡ್ ಬುಲ್ ಅಂದರು. 2017ರಲ್ಲಿ ಬಂದ ಫಲಿತಾಂಶ ಏನಪ್ಪಾ ಅಂದರೆ, ರೆಡ್ ಬುಲ್ ಹೆಸರು ಕೇಳಿ ಕುಡಿದವರಿಗೇ ಚೆನ್ನಾಗಿ ಹತ್ತಿದೆ ಅಂತ ಅನಿಸಿತು, ಹುಡುಗಿಯರನ್ನು ಹೋಗಿ ಮಾತಾಡಿಸುವ ಧೈರ್ಯವೂ ಅವರಿಗೇ ಬಂತು. ಒಳಗಿದ್ದ ಸರಕು ಎಲ್ಲರಿಗೂ ಒಂದೇ! ಕಿಕ್ ಬಂದಿದ್ದು ಲೇಬಲ್‌ನಿಂದ. ಗಾಡಿ ಹತ್ತುವ ಮುಂಚೆ ಎಷ್ಟು ಹೊತ್ತು ಕಾಯುತ್ತೀರಿ ಅಂತ ಕೇಳಿದರೆ ಇದೇ ಗುಂಪು ಜಾಸ್ತಿ ಹೊತ್ತು ಅಂದಿತು. ಅಂದರೆ ತನಗೆ ಡಬಲ್ ಹತ್ತುತ್ತದೆ ಅಂತ ನಂಬಿದವನು ಬೈಕಿನ ಕೀ ಮುಟ್ಟುವ ಮುಂಚೆ ಒಂದು ಸಲ ಯೋಚನೆ ಮಾಡಬಹುದು, ಹತ್ತುವುದೇ ಇಲ್ಲ ಅಂತ ನಂಬಿದವನಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಇಬ್ಬರದೂ ತಪ್ಪು ನಂಬಿಕೆ. ಆದರೂ ಒಂದನ್ನು ಆರಿಸು ಅಂದರೆ ನಾನು ಮುಳಬಾಗಿಲು ಹುಡುಗನ ಕಡೆ.

ಡಯಟ್ ಕೋಲಾ ಹಾಕಿಕೊಂಡು ತೂಕದ ಬಗ್ಗೆ ಎಚ್ಚರವಾಗಿದ್ದೇವೆ ಅಂದುಕೊಂಡವರಿಗೂ ಒಂದು ಮಾತು. ಸಕ್ಕರೆ ಇರುವ ಮಿಕ್ಸಿಂಗ್ ಹೊಟ್ಟೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಸಕ್ಕರೆ ಇಲ್ಲದ್ದು ಬೇಗ ಕರುಳಿಗೆ ಇಳಿಯುತ್ತದೆ, ಆಲ್ಕೋಹಾಲನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಅಮೆರಿಕದ ಕೆಂಟಕಿಯಲ್ಲಿ 2013ರ ಒಂದು ಸಣ್ಣ ಪ್ರಯೋಗದಲ್ಲಿ ಅಷ್ಟೇ ವೋಡ್ಕಾಕ್ಕೆ ಡಯಟ್ ಸೋಡಾ ಬೆರೆಸಿದಾಗ ಉಸಿರಿನ ಆಲ್ಕೋಹಾಲ್ 18% ಜಾಸ್ತಿ ಬಂತು, ಕುಡಿದವರಿಗೆ ಮಾತ್ರ ಎರಡೂ ಒಂದೇ ಅನಿಸಿತು. ಇಲ್ಲಿ ಅನಿಸಿಕೆ ಅಲ್ಲಾಡಲೇ ಇಲ್ಲ, ರಕ್ತದ ಲೆಕ್ಕವೇ ಏರಿತು.

ಇದೆಲ್ಲಾ ಅಂಗಡಿಯಲ್ಲೇ ಬೆರೆಸಿ ಮಾರಿದರೆ ಏನಾಗುತ್ತದೆ ಅನ್ನುವುದನ್ನೂ ಅಮೆರಿಕ ನೋಡಿ ಆಗಿದೆ. ಫೋರ್ ಲೋಕೋ ಅಂತ ಒಂದು ಬಣ್ಣದ ಕ್ಯಾನ್ ಬರುತ್ತಿತ್ತು. ಓಹಾಯೋದಲ್ಲಿ ಜೊತೆಗೆ ಓದಿದ ಮೂವರು ಗೆಳೆಯರ ಕಂಪನಿ. ಸುಮಾರು 700 ಮಿ.ಲೀ. ಕ್ಯಾನು, 12% ಆಲ್ಕೋಹಾಲ್, ಅದರ ಮೇಲೆ ಕೆಫೀನ್. ಲೆಕ್ಕ ಹಾಕಿದರೆ ಒಂದು ಕ್ಯಾನಿನಲ್ಲಿ ನಮ್ಮ ಒಂದು ಕ್ವಾರ್ಟರ್‌ಗಿಂತ ಸ್ವಲ್ಪ ಜಾಸ್ತಿಯೇ ಸರಕು, ರುಚಿ ಮಾತ್ರ ಮಕ್ಕಳ ಜ್ಯೂಸಿನದು. 2010ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಕಾಲೇಜು ಹುಡುಗರ ಒಂದು ಪಾರ್ಟಿಯಿಂದ ಒಂಬತ್ತು ಜನ ಆಸ್ಪತ್ರೆ ಸೇರಿದರು. ನವೆಂಬರ್ 17ಕ್ಕೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಇಂಥ ಪಾನೀಯ ಮಾಡುತ್ತಿದ್ದ ನಾಲ್ಕು ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆಯಿತು. ಫೋರ್ ಲೋಕೋ ಕಂಪನಿ ಕೆಫೀನ್ ತೆಗೆದುಹಾಕಿತು. ಕಾರ್ಖಾನೆಯಲ್ಲಿ ಬೆರೆಸುವುದನ್ನು ಪತ್ರ ಬರೆದು ನಿಲ್ಲಿಸಬಹುದು. ನಮ್ಮಲ್ಲಿ ಆ ಕಾರ್ಖಾನೆ ಇಲ್ಲವೇ ಇಲ್ಲ. ಟೆಟ್ರಾ ಪ್ಯಾಕ್ ಒಂದು ಅಂಗಡಿಯದು, ಕೆಂಪು ಬಾಟಲಿ ಇನ್ನೊಂದು ಅಂಗಡಿಯದು, ಸೇರುವುದು ಪ್ಲಾಸ್ಟಿಕ್ ಲೋಟದಲ್ಲಿ. ಯಾರಿಗೆ ಅಂತ ಪತ್ರ ಬರೆಯುವುದು?

ಸಿಗರೇಟು ಸೇದುವವರ ವಿಷಯ ಸುಮ್ನೆ ಬಿಟ್ಟುಬಿಡೋಣ ಅಂದುಕೊಂಡಿದ್ದೆ, ಆದರೆ ರೂಮಿನಲ್ಲಿ ಕುಡಿಯುವವರ ಕೈಯಲ್ಲಿ ಅದೂ ಇರುತ್ತದಲ್ಲ. ದಿನಾ ಸೇದುವವರ ಲಿವರ್ ಕೆಫೀನನ್ನು ಬೇಗ ಕರಗಿಸುತ್ತದೆ. ಸೇದದವರ ಮೈಯಲ್ಲಿ ಕೆಫೀನ್ ಅರ್ಧಕ್ಕೆ ಇಳಿಯೋಕೆ ಸುಮಾರು 5 ಗಂಟೆ ಬೇಕು, ಸೇದುವವರಲ್ಲಿ ಹತ್ತಿರ ಹತ್ತಿರ ಅದರ ಅರ್ಧ ಸಾಕು. ಆಲ್ಕೋಹಾಲ್ ಮಾತ್ರ ತನ್ನ ಹಳೇ ಸ್ಪೀಡಿನಲ್ಲೇ ಕರಗುತ್ತಿರುತ್ತದೆ. ಆ ತುಂಡು ವೈರ್ ದಾರಿ ಮಧ್ಯೆ ಕಳಚಿಕೊಂಡರೆ, ತಡೆದಿಟ್ಟ ತೂಕಡಿಕೆ ಬಂದು ಕೂರುವುದು ರೂಮಿನ ಹಾಸಿಗೆ ಮೇಲೋ ಹೈವೇ ಮೇಲೋ ಅನ್ನುವುದು ಅವನವನ ಅದೃಷ್ಟ.

ಕಾನೂನು ಅನಿಸಿಕೆ ಕೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ದಾಟಿದರೆ ಕೇಸು, ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. 65 ಕೆಜಿಯವನು ಒಂದು ನೈಂಟಿ ಬೇಗ ಬೇಗ ಮುಗಿಸಿದರೆ ಆ ಗೆರೆಯ ಎರಡು ಪಟ್ಟು ಹತ್ತಿರ ಹೋಗಿರುತ್ತಾನೆ. ಊದುವ ಮಷೀನಿಗೆ ಕೆಫೀನ್ ಗೊತ್ತಿಲ್ಲ.

ಭುಜ ಕೂಡಿಕೊಂಡ ಮೇಲೆ ತಮ್ಮ ಕುಡಿದು ರಾತ್ರಿ ಬೈಕು ಮುಟ್ಟುವುದನ್ನು ಬಿಟ್ಟಿದ್ದಾನೆ. ರೂಮಿನಲ್ಲೇ ಕುಡಿದು ಮಲಗುತ್ತೇನೆ, ಬೆಳಗ್ಗೆ ಎದ್ದರೆ ಎಲ್ಲಾ ಇಳಿದಿರುತ್ತದೆ ಅನ್ನುತ್ತಾನೆ. ಮೊನ್ನೆ ಅವನ ಎದುರಿಗೇ ಕೂತು ಕಾಗದದ ಮೇಲೆ ಲೆಕ್ಕ ಹಾಕಿದೆವು. ಶಿಫ್ಟ್ ಬದಲಾಗುವ ದಿನ, ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ 11ಕ್ಕೆ ಶುರು ಮಾಡಿ ಒಂದು ಕ್ವಾರ್ಟರ್, ಎರಡು ಬಾಟಲಿ ಮಿಕ್ಸಿಂಗ್. ಕ್ವಾರ್ಟರ್ ಪೂರ್ತಿ ಕರಗೋಕೆ ಹತ್ತಿರ ಹತ್ತಿರ 9 ಗಂಟೆ ಬೇಕು. ಬೆಳಗಿನ ಜಾವ 4ಕ್ಕೂ ಒಂದು ಬಾಟಲಿಯಷ್ಟು ಕೆಫೀನ್ ಮೈಯಲ್ಲೇ ಇರುತ್ತದೆ, ಹಾಗಾಗಿ ಮಲಗಿದ್ದರೂ ನಿದ್ದೆ ಅಷ್ಟಕ್ಕಷ್ಟೇ. 6 ಗಂಟೆಗೆ ರಕ್ತದಲ್ಲಿ ಇನ್ನೂ ಆ 30ರ ಗೆರೆಯ ಆಸುಪಾಸು. ಅವನು ಪೆನ್ನು ಕಿತ್ತುಕೊಂಡು ಎರಡು ಸಲ ಕೂಡಿ ಕಳೆದು ನೋಡಿದ. ಆರು ಗಂಟೆಗೆ ಕಂಪನಿ ಬಸ್ಸು ಬರುತ್ತದೆ ಅಂದ. ಬಸ್ಸು ತಪ್ಪಿಹೋದ ದಿನ ಏನು ಮಾಡುತ್ತೀಯ ಅಂತ ಕೇಳಿದೆ.

"ಬೈಕಲ್ಲಿ ಹೋಗ್ತೀನಣ್ಣ."